ಸುಗಂಧಮ್ಮನವರ ಮನೆಯಲ್ಲಿ ಎಜ್ರಪ್ಪ ಅಯ್ಯನವರು ನುಡಿದ ಸತ್ಯ

ಬೀದರ ಸೀಮೆಯ ಒಂದು ಹಳ್ಳದ ದಂಡೆಯಲ್ಲಿ ಕುಷ್ಠರೋಗಿಗಳಿಗಾಗಿ ಕಟ್ಟಿದ ನಾಲ್ಕು ಸಾಲು ಹಂಚಿನ ಮನೆಗಳಿದ್ದವು. ಕ್ರೈಸ್ತ ಬೋಧಕರಾದ ಪೂಜ್ಯ ಎಜ್ರಪ್ಪ ಅಯ್ಯನವರು ಆ ಆಶ್ರಯಧಾಮದಲ್ಲಿಯೇ ಇಪ್ಪತ್ತೆರಡು ವರ್ಷ ವಾಸವಾಗಿದ್ದರು. ಅವರ ಕೋಣೆಯಲ್ಲಿ ಒಂದು ಹೊರಸು, ಒಂದು ಸತ್ಯವೇದ, ಗೂಟಕ್ಕೆ ತೂಗುಹಾಕಿದ ಎರಡು ಅಂಗಿಗಳ ಹೊರತು ಬೇರೇನೂ ಇರಲಿಲ್ಲ. ಬೆಳಗಿನ ಪ್ರಾರ್ಥನೆ ಮುಗಿದೊಡನೆ ನೆಲದ ಮೇಲೆ ಕುಳಿತು, ರೋಗಿಗಳ ಪಾದಗಳನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದರು.

ಧಾಮವು ನಡೆಯುತ್ತಿದ್ದುದು ದೂರದೂರುಗಳ ಕೆಲವು ಭಕ್ತ ಕುಟುಂಬಗಳ ಪ್ರಾರ್ಥನೆಯಿಂದ, ಅವರು ಕಳುಹಿಸುವ ಜೋಳ ಬೇಳೆಗಳಿಂದ, ಪಟ್ಟಿಗೆಂದು ಹರಿದುಕೊಡುವ ಹಳೆಯ ಧೋತರಗಳಿಂದ. ಪ್ರತಿ ಬೇಸಿಗೆ, ಈಸ್ಟರ್ ಹಬ್ಬ ಮುಗಿದ ಮೇಲೆ, ಅಯ್ಯನವರು ಧಾಮದ ಹಳೆಯ ಜೀಪಿನಲ್ಲಿ ಹೊರಟು ಆ ಮನೆಗಳನ್ನೆಲ್ಲ ಕಂಡು ಬರುತ್ತಿದ್ದರು. ದಾರಿಯಲ್ಲಿ ತಮ್ಮ ಒಡಹುಟ್ಟಿದವರನ್ನೂ ಕಾಣುತ್ತಿದ್ದರು. ಜೀಪು ನಡೆಸುತ್ತಿದ್ದವನು ಫಿಲೇಮೋನ. ಐವತ್ತು ದಾಟಿದವನು, ಮಾತು ಕಡಿಮೆ. ಈ ಪ್ರಸಂಗವನ್ನು ನನಗೆ ಹೇಳಿದವನು ಅವನೇ.

ಆ ವರ್ಷ ಫಿಲೇಮೋನನ ಮನಸ್ಸು ಅಯ್ಯನವರ ಮೇಲೆ ಮುರಿದಿತ್ತು. ಅದಕ್ಕೆ ಕಾರಣ ಹಿಂದಿನ ಮಳೆಗಾಲದಲ್ಲಿ ನಡೆದದ್ದು.

ಧಾಮದಲ್ಲಿ ಎಸ್ತೇರ ಎಂಬ ಇಪ್ಪತ್ತಾರು ವರ್ಷದ ನರ್ಸ್ ಇದ್ದಳು. ಒಂದು ಮಧ್ಯಾಹ್ನ ಹಳ್ಳದಾಚೆಯ ಹಳ್ಳಿಯಿಂದ ಕೂಗು ಬಂತು, ಬಾಣಂತಿಗೆ ರಕ್ತ ನಿಲ್ಲುತ್ತಿಲ್ಲವೆಂದು. ಅಯ್ಯನವರು, ಎಸ್ತೇರ, ಫಿಲೇಮೋನ ಮೂವರೂ ಜೀಪಿನಲ್ಲಿ ಹೊರಟರು. ಹಳ್ಳ ತುಂಬಿ ಬಂದಿತ್ತು. ದಂಡೆಯ ಮೇಲೆ ಬೇರೆ ಯಾರೂ ಇರಲಿಲ್ಲ. ಎಸ್ತೇರ ಅಂಜಿದಳು. "ಅಯ್ಯನವರೇ, ಒಂದು ತಾಸು ತಡೆಯೋಣ್ರಿ, ನೀರು ಇಳೀತದ" ಎಂದಳು. ಅಯ್ಯನವರು, "ಅಲ್ಲಿ ಜೀವ ಹೋಗ್ಲಿಕ್ಕತ್ತದ ಮಗಳೇ. ಕರ್ತನು ದಾಟಿಸ್ತಾನ, ಬಾ" ಎಂದು ಕೋಲೂರಿ ಮುಂದೆ ಇಳಿದರು. ಫಿಲೇಮೋನ ಜೀಪಿನ ಬಳಿ ನಿಂತ. ಅಯ್ಯನವರು ದಾಟಿದರು. ಹಿಂದೆ ಬಂದ ಎಸ್ತೇರಳ ಕಾಲನ್ನು ಸೆಳವು ಕಿತ್ತಿತು. ಮರುದಿನ ಎರಡು ಹರದಾರಿ ಕೆಳಗೆ, ಜಾಲಿಯ ಪೊದೆಯಲ್ಲಿ ದೇಹ ಸಿಕ್ಕಿತು. ಆ ಬಾಣಂತಿಯೂ ಉಳಿಯಲಿಲ್ಲ.

ಎಸ್ತೇರಳ ತಾಯಿ ಸುಗಂಧಮ್ಮನವರಿಗೆ ಅಯ್ಯನವರು ಪತ್ರ ಬರೆದರು: ನಿಮ್ಮ ಮಗಳು ಸೇವೆಗೆ ಸಂತೋಷದಿಂದ ಹೊರಟಳು, ಕರ್ತನ ಚಿತ್ತವಿದ್ದಂತೆ ಆತನ ಬಳಿಗೆ ಸೇರಿದಳು. ಆ ಪತ್ರವನ್ನು ಅಂಚೆಗೆ ಹಾಕಿಬಂದವನು ಫಿಲೇಮೋನನೇ. ಹಾಕುವ ಮುನ್ನ ಓದಿದ್ದ. ಅಂದಿನಿಂದ ಅಯ್ಯನವರು ಪ್ರಾರ್ಥನೆಗೆ ಕೈಯೆತ್ತಿದಾಗಲೆಲ್ಲ ಅವನು ಕಣ್ಣು ತೆರೆದೇ ಕೂಡುತ್ತಿದ್ದ.

ಪ್ರವಾಸ ಹೊರಟಿತು. ಹುಮನಾಬಾದಿನಲ್ಲಿ, ಕಲಬುರಗಿಯಲ್ಲಿ, ಹೋದ ಮನೆಯವರೆಲ್ಲ ಎಸ್ತೇರಳ ಮಾತೇ ಎತ್ತಿದರು. "ಎಂಥಾ ಪುಣ್ಯವಂತೆ! ಸೇವೆಯೊಳಗ ಪ್ರಾಣ ಕೊಟ್ಟಳು" ಎಂದರು. ಅಯ್ಯನವರು ತಲೆ ತಗ್ಗಿಸಿ ಕುಳಿತರು. ಊಟಕ್ಕೆ ಬಡಿಸಿದರೆ ಒಂದು ತುತ್ತಿಗೇ ಕೈ ತೊಳೆದರು. ಫಿಲೇಮೋನನಿಗೆ ಕನಿಕರ ಬರಲಿಲ್ಲ. ಹೇಳು, ಈಗ ಹೇಳು ಎಂದು ಮನಸ್ಸಿನೊಳಗೇ ಅವರನ್ನು ತಿವಿಯುತ್ತಿದ್ದ.

ಶಹಾಬಾದಿನಲ್ಲಿ ಅಯ್ಯನವರ ಅಣ್ಣ ಅಬೇಲಪ್ಪನವರ ಮನೆ. ನಿವೃತ್ತ ಮಾಸ್ತರರು, ದಮ್ಮಿನಿಂದ ಹಾಸಿಗೆ ಹಿಡಿದಿದ್ದರು. ಆ ಸಂಜೆ ಅಯ್ಯನವರು ಅಣ್ಣನ ಮುಂದೆ ಎಲ್ಲವನ್ನೂ ಹೇಳಿಕೊಂಡು, ನಾಳೆ ಸುಗಂಧಮ್ಮನವರಿಗೆ ಇದನ್ನೇ ಹೇಳುವೆನೆಂದರು. ಫಿಲೇಮೋನ ಬಾಗಿಲ ಹೊರಗೆ ಕಲ್ಲುಹಾಸಿನ ಮೇಲೆ ಕುಳಿತಿದ್ದ, ಮಾತೆಲ್ಲ ಕೇಳುತ್ತಿತ್ತು.

ಅಬೇಲಪ್ಪನವರು ಬಹಳ ಹೊತ್ತು ಕೆಮ್ಮಿ, "ತಮ್ಮಾ, ಹೇಳಬ್ಯಾಡ" ಎಂದರು. "ಆ ಹೆಣ್ಮಗಳು ದೇವರ ಹೆಸರು ಹಿಡಕೊಂಡು ಹ್ಯಾಂಗೋ ಬದುಕ್ಯಾಳ. ನೀ ಹೇಳಿದ್ರ ನಿನ್ನ ಎದಿ ಹಗುರ ಆಗ್ತದ, ಆಕಿ ಎದಿ ಒಡೀತದ. ಧಾಮದ ಹೆಸರೂ ಹೋಗ್ತದ. ಆ ರೋಗಿಗಳಿಗೆ ಯಾರು ದಿಕ್ಕು?"

ಅಬೇಲಪ್ಪನವರ ಮಾತು ಸುಳ್ಳಲ್ಲವೆಂದು ಹೊರಗಿದ್ದ ಫಿಲೇಮೋನನಿಗೂ ಅನ್ನಿಸಿತು. ಇನ್ನು ಅಯ್ಯನವರು ಹೇಳುವುದಿಲ್ಲ ಎಂದುಕೊಂಡ.

ಮರುದಿನ ಯಾದಗಿರಿ. ಮೇ ತಿಂಗಳ ಬಿಸಿಲಿಗೆ ಬಂಡೆಗಳು ಕಾದು ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಸುಗಂಧಮ್ಮನವರು ವಿಧವೆ, ಶಾಲೆಯಲ್ಲಿ ಹೊಲಿಗೆ ಕಲಿಸಿ ಒಬ್ಬಳೇ ಮಗಳನ್ನು ಬೆಳೆಸಿದವರು. ಜೀಪಿನ ಸದ್ದಿಗೆ ಓಡಿಬಂದು, "ವಂದನೆ ಅಯ್ಯನವರೇ, ಬರ್ರಿ ಬರ್ರಿ" ಎಂದು ಕರೆದೊಯ್ದು ಮಜ್ಜಿಗೆ ಕೊಟ್ಟರು. ಗೋಡೆಯ ಮೇಲೆ ಎಸ್ತೇರಳ ಫೋಟೋ. ಅದರ ಪಕ್ಕದಲ್ಲಿ, ಗಾಜಿನ ಚೌಕಟ್ಟು ಹಾಕಿಸಿದ ಅಯ್ಯನವರ ಪತ್ರ.

"ದಿನಾ ಓದ್ತೀನ್ರಿ" ಎಂದರು ಸುಗಂಧಮ್ಮನವರು.

ಅಯ್ಯನವರು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟರು. ಕುರ್ಚಿಯಿಂದ ಇಳಿದು ನೆಲದ ಮೇಲೆ ಕುಳಿತರು.

"ತಾಯಿ, ಆ ಪತ್ರ ಸುಳ್ಳು. ಆಕಿ ತಡೆಯೋಣ ಅಂದಳು. ನಾ ಕೇಳಲಿಲ್ಲ. ನನ್ನ ಅವಸರಕ್ಕ ದೇವರ ಚಿತ್ತ ಅಂತ ಹೆಸರಿಟ್ಟೆ."

ಸುಗಂಧಮ್ಮನವರು ನಿಂತಲ್ಲೇ ನಿಂತರು. ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ಕೇಳಿದರು:

"ಅಂಜಿದ್ದಳೇನ್ರಿ?"

"ಅಂಜಿದ್ದಳು, ತಾಯಿ."

"ಕೂಗಿದಳೇನು?"

"ಕೂಗಿದಳು. 'ಅವ್ವಾ' ಅಂದಳು."

ಆ ತಾಯಿ ಗೋಡೆಗೆ ಒರಗಿ ಮೆಲ್ಲಗೆ ಕುಸಿದರು. ಬಾಯಿಂದ ಬಂದ ಅಳುವಿಗೆ ಪಕ್ಕದ ಮನೆಗಳ ಬಾಗಿಲುಗಳು ತೆರೆದುಕೊಂಡವು. ಹತ್ತು ತಿಂಗಳು ಆಕೆ ಅತ್ತಿರಲಿಲ್ಲವಂತೆ. ಸಂತೋಷದಿಂದ ಹೋದ ಮಗಳಿಗಾಗಿ ಅಳುವುದು ಪಾಪವೆಂದು ಚರ್ಚಿನ ಸಭೆಯವರು ಹೇಳಿದ್ದರಂತೆ. ಅಳುತ್ತಲೇ ಆಕೆ, "ನನ್ನ ಮಗಳು ಸಣ್ಣಾಕಿದ್ದಾಗಿಂದ ನೀರಿಗೆ ಅಂಜತಿದ್ದಳು. ಈ ಪತ್ರದಾಗಿನ ಎಸ್ತೇರ ಯಾರು ಅಂತ ನನಗ ತಿಳೀತಿದ್ದಿಲ್ಲ. ನಂಬಲಿಲ್ಲ ಅಂದ್ರ ದೇವರ ಮ್ಯಾಲ ವಿಶ್ವಾಸ ಇಲ್ಲ ಅಂದಂಗ ಆಗ್ತದಂತ ನಂಬಿದೆ" ಎಂದರು. ಎದ್ದು ಪತ್ರವನ್ನು ಗೋಡೆಯಿಂದ ಕಿತ್ತು ಅಯ್ಯನವರ ಮುಂದೆ ಎಸೆದರು. ಗಾಜು ಒಡೆದು ಚೂರು ಅವರ ಅಂಗೈಗೆ ತಾಗಿತು. ಅವರು ಕೈ ಹಿಂದೆಗೆಯಲಿಲ್ಲ.

ಫಿಲೇಮೋನ ಬಾಗಿಲಲ್ಲಿ ನಿಂತಿದ್ದ. ಹತ್ತು ತಿಂಗಳು ಅವನು ಇನ್ನೊಬ್ಬರ ತಪ್ಪನ್ನೇ ನೋಡುತ್ತ ಕಳೆದಿದ್ದ. ಒಳಗೆ ಬಂದು ಅಯ್ಯನವರ ಪಕ್ಕದಲ್ಲಿ ಕುಳಿತ.

"ಅವ್ವಾ, ನಾನೂ ಅಲ್ಲೇ ಇದ್ದೆ. ಜೀಪಿನೊಳಗ ಹಗ್ಗ ಇತ್ತು. ತೆಗೀಬೇಕು ಅಂತ ಅನ್ನಿಸ್ತು. ಅಯ್ಯನವರು ಕರ್ತನ ಹೆಸರು ತಗೊಂಡಾಗ ನಾ ಹಗ್ಗ ತಂದ್ರ ಏನಂತಾರೋ ಅಂತ ಸುಮ್ನಾದೆ. ಇವತ್ತಿನ ತನಕ ಯಾರಿಗೂ ಹೇಳಿಲ್ಲ."

ಅಯ್ಯನವರು ತಿರುಗಿ ಅವನನ್ನು ನೋಡಿದರು. ಅವರಿಗೂ ಅದು ತಿಳಿದಿರಲಿಲ್ಲ. ಅವನ ಬೆನ್ನಿನ ಮೇಲೆ ಕೈಯಿಟ್ಟರು.

ಸುಗಂಧಮ್ಮನವರು ಇಬ್ಬರನ್ನೂ ನೋಡಿ, "ಹೋಗ್ರಿ. ಇವತ್ತು ನನ್ನ ಮನ್ಯಾಗ ಪ್ರಾರ್ಥನಾ ಬ್ಯಾಡ" ಎಂದರು. ಅಯ್ಯನವರು ಕೈಮುಗಿದು ಹೊರಬಂದರು.

ಊರು ದಾಟಿದ ಮೇಲೆ ಫಿಲೇಮೋನನಿಗೆ ಕಣ್ಣು ಮಂಜಾಗಿ ರಸ್ತೆ ಕಾಣದಾಯಿತು. ಜೀಪು ನಿಲ್ಲಿಸಿ, "ಆಕಿ ಕ್ಷಮಿಸ್ತಾಳೇನ್ರಿ?" ಎಂದು ಕೇಳಿದ.

"ಕ್ಷಮಾ ಕೇಳಲಿಕ್ಕೆ ನಾವು ಹೋಗಿದ್ದಿಲ್ಲಪ್ಪ. ಆಕಿ ಮಗಳನ್ನ ಆಕಿಗೆ ಮರಳಿ ಕೊಡಲಿಕ್ಕೆ ಹೋಗಿದ್ದೆವು" ಎಂದರು ಅಯ್ಯನವರು.

ಅಲ್ಲಿಂದ ಮುಂದೆ ಹೋದ ಪ್ರತಿ ಮನೆಯಲ್ಲೂ, ಹಿಂದಿರುಗುವಾಗ ಹುಮನಾಬಾದು ಕಲಬುರಗಿಗಳಲ್ಲೂ ಅಯ್ಯನವರು ಅದೇ ಸತ್ಯವನ್ನು ಹೇಳಿದರು. ಮೂರು ಕುಟುಂಬಗಳು ಧಾಮದ ಕೈಬಿಟ್ಟವು. ಆ ವರ್ಷ ರೋಗಿಗಳೂ ಅಯ್ಯನವರೂ ಒಂದೇ ಹೊತ್ತು ಉಂಡರು. ಸುಗಂಧಮ್ಮನವರಿಂದ ಅಯ್ಯನವರಿಗೆ ಮತ್ತೆ ಒಂದು ಮಾತೂ ಬರಲಿಲ್ಲ. ಅಯ್ಯನವರು ಅದಕ್ಕಾಗಿ ಕಾದು ಕುಳಿತರೆಂದು ಮಾತ್ರ ಯಾರೂ ಹೇಳಲಾರರು. ಅವರು ಎಂದಿನಂತೆ ಬೆಳಿಗ್ಗೆ ನೆಲದ ಮೇಲೆ ಕುಳಿತು ಹುಣ್ಣು ತೊಳೆದರು.

ಅಯ್ಯನವರು ಪ್ರಭುವಿನಲ್ಲಿ ನಿದ್ರೆ ಹೋಗಿ ಮಣ್ಣಾದ ಮೇಲೂ ಫಿಲೇಮೋನ ಆ ಧಾಮ ಬಿಟ್ಟು ಹೋಗಲಿಲ್ಲ. ನೋಡಲು ಬಂದವರು, ನಿಮ್ಮ ಅಯ್ಯನವರು ಏನಾದರೂ ಅದ್ಭುತ ಮಾಡಿದ್ದರೆ ಹೇಳು ಎಂದರೆ, ಅವನು ಈ ಒಂದನ್ನೇ ಹೇಳುತ್ತಿದ್ದ. ಹಗ್ಗದ ಮಾತು ಬಂದಾಗ ತನ್ನ ಹೆಸರನ್ನು ಒಮ್ಮೆಯೂ ಬಿಟ್ಟು ಹೇಳಲಿಲ್ಲ.