ಬೀಟೆಯಾಗಬೇಕಿದ್ದ ಹಲಸಿನ ನೆಲ

"ಗುರುಗಳೇ, ನನಗೆ ಕಾವಿ ಯಾವಾಗ ಕೊಡ್ತೀರಿ?" ಅಂತ ರೇವಣ್ಣ ಕೇಳಿದ. ಅವನು ಮಠಕ್ಕೆ ಸೇರಿ ಒಂದು ಮಳೆಗಾಲವೂ ಕಳೆದಿರಲಿಲ್ಲ. "ಹುಣ್ಣಿಮೆಗೆ ನಮ್ಮೂರವರು ಬರ್ತಿದಾರೆ. ಅಷ್ಟರೊಳಗೆ ಆದ್ರೆ ಚೆನ್ನಾಗಿರುತ್ತೆ."

ಗುರುಗಳು ಎಲೆಗೆ ಸುಣ್ಣ ಸವರ್ತಾ ಕತೆ ಶುರು ಮಾಡಿದ್ರು.

ಒಬ್ಬ ವರ್ತಕ. ಅವನ ಮನೆ ಮಹಡಿಗೆ ಹಲಸಿನ ಹಲಗೆಯ ನೆಲ. ಒಂದೊಂದು ಹಲಗೆ ಎಷ್ಟಗಲ ಅಂತೀಯಾ, ಆನೆ ಮಲಗಿ ಮಗ್ಗುಲು ಬದಲಾಯಿಸಬಹುದು. ತುಳಿದೂ ತುಳಿದೂ ಬಣ್ಣಗೆಟ್ಟಿತ್ತು. ಮಗಳನ್ನು ನೋಡೋಕೆ ಗಂಡಿನ ಅಪ್ಪ ಬರೋನಿದ್ದ. ಅವನೋ ಮರದ ವ್ಯಾಪಾರಿ. ನೆಲ ನೋಡಿ ಸಂಬಂಧ ಬೇಡ ಅಂದ್ಬಿಟ್ರೆ? ವರ್ತಕನಿಗೆ ಅನ್ನ ಸೇರಲಿಲ್ಲ. ಆಚಾರಿಯನ್ನು ಕರೆಸಿದ.

"ನೆಲ ಹೆರೆದು ಎಣ್ಣೆ ಕುಡಿಸ್ಲಾ, ಬಣ್ಣ ಬಳೀಲಾ ಧಣಿ? ಎಣ್ಣೆ ಆದ್ರೆ ಹಲಸು ಹಲಸಾಗೇ ಹೊಳೆಯುತ್ತೆ, ನಿಧಾನ. ಬಣ್ಣ ಆದ್ರೆ ನಾಳೆಗೇ ಬೀಟೆ ಮರದ ಹಾಗೆ ಕಾಣುತ್ತೆ."

"ನಾಳೆಗೇ ಬೀಟೆ ಮಾಡು" ಅಂದ ವರ್ತಕ.

ಕಿಟಕಿ ಹತ್ರ ಅವನ ತಾಯಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ತಾ ಕೂತಿದ್ಲು. "ಯಮ ಬಂದು ಕರೆದ್ರೂ ಏಳಲ್ಲ, ಹೋಗ್ರೋ" ಅಂದ್ಲು. ಆಚಾರಿ ಮುದುಕಿ ಸುತ್ತಲೂ ಹೆರೆದ, ಸುತ್ತಲೂ ಬಳಿದ.

ಮರದ ವ್ಯಾಪಾರಿ ಬಂದ. ಮೂಗು ನೆಲಕ್ಕೆ ತಾಗೋ ಹಾಗೆ ಬಗ್ಗಿ ನೋಡಿದ. ಮೂಗಿನ ತುದಿಗೆ ಬಣ್ಣ ಹತ್ತಿತು. ಯಮನಿಗೂ ಏಳದ ಮುದುಕಿ ಆಗಲೇ ಬೀಗರಿಗೆ ಅಂತ ಎದ್ದು ನಿಂತ್ಲು. ಅವಳು ಕೂತಿದ್ದ ಜಾಗ ಜೇನಿನ ಹಾಗೆ ಹೊಳೀತಿತ್ತು. ವ್ಯಾಪಾರಿ ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಂಡ. ಬೇಕಾದ್ರೆ ಹೋಗಿ ಅವನನ್ನೇ ಕೇಳು.

"ತಾಯೀ, ಇದಕ್ಕೆ ಯಾವ ಎಣ್ಣೆ ಹಾಕಿಸಿದ್ರಿ?"

"ನನ್ನ ಮಂಡಿಯಿಂದ ಇಳಿದದ್ದು ಕಣಪ್ಪ. ಇವನನ್ನ ಹೆತ್ತಾಗಿಂದ ಕಾಲು ನೋವು. ಅವತ್ತಿಂದ ಇಲ್ಲೇ ಕೂತು ತಿಕ್ಕಿಕೊಳ್ತಿದೀನಿ."

ವ್ಯಾಪಾರಿ ಮೂಗು ಒರೆಸಿಕೊಂಡು ವರ್ತಕನ ಕಡೆ ತಿರುಗಿದ. "ಆ ಬಣ್ಣ ತೆಗೆಸಿ, ಯಜಮಾನ್ರೇ. ನೆಲವೆಲ್ಲ ಈ ಜಾಗದ ಹಾಗಾದ ಮೇಲೆ ಹೇಳಿ ಕಳಿಸಿ. ಆಗ ಹುಡುಗಿ ನೋಡೋಕೆ ಬರ್ತೀವಿ."

ಮಾರನೇ ದಿನ ವರ್ತಕ ಬಣ್ಣ ಹೆರೆಸಿದ. ಎಣ್ಣೆ ಬಟ್ಟಲು ತಾಯಿ ಮುಂದೆ ಇಟ್ಟ. "ಅವ್ವಾ, ಇವತ್ತು ಈ ಹಲಗೆ ಮೇಲೆ ಕೂತ್ಕೋ. ನಾಳೆ ಪಕ್ಕದ್ದು" ಅಂದ.

ರೇವಣ್ಣ ಬಿದ್ದೂ ಬಿದ್ದೂ ನಕ್ಕ. "ಅಯ್ಯೋ ಪೆದ್ದ! ಅದೇನು ನಾಲ್ಕು ದಿನದಲ್ಲಿ ಬರೋ ಹೊಳಪಾ, ಗುರುಗಳೇ?"

ಗುರುಗಳು ಎಲೆ ಮಡಿಸಿ ಬಾಯಿಗಿಟ್ಟುಕೊಂಡ್ರು.

"ನಿಮ್ಮೂರವರು ಯಾವತ್ತು ಬರ್ತಾರೆ ಅಂದೆ?"

ರೇವಣ್ಣನ ನಗು ಅಲ್ಲೇ ನಿಂತಿತು.