ದ್ಯಾವೀರಿ ನುಂಗಿದ ಮುದ್ದೆ

ಒಂದಾನೊಂದು ಕಾಲದಲ್ಲಿ, ಅಂದರೆ ರಾಗಿಕಾಳು ಕುಂಬಳಕಾಯಿ ಗಾತ್ರ ಇದ್ದ ಕಾಲದಲ್ಲಿ ಕೂಸೇ, ಹುಲಿಕುಂಟೆ ಅನ್ನೋ ಊರಲ್ಲಿ ದ್ಯಾವೀರಿ ಅಂತ ಎಂಟು ವರ್ಷದ ಹುಡುಗಿ ಇದ್ದಳಂತೆ. ಹುಟ್ಟಿದಾಗಿಂದ ಅವಳ ಮೂಗು ಕಟ್ಟಿಕೊಂಡೇ ಇತ್ತಂತೆ, ಉಸಿರೆಲ್ಲ ಬಾಯಲ್ಲೇ. ಅವಳು ಒಂದು ಉಸಿರು ಬಿಟ್ಟರೆ ಪಕ್ಕದೂರಿನ ಕಣದಲ್ಲಿ ರಾಗಿ ತೂರಿಕೊಳ್ಳುತ್ತಿದ್ದರಂತೆ. ಸುಳ್ಳಲ್ಲ, ತೂರಿದೋರನ್ನ ನಾನೇ ಬಲ್ಲೆ.

ದ್ಯಾವೀರಿಗೆ ಅಕ್ಷರ ಕಲೀಬೇಕು ಅನ್ನೋ ಹುಚ್ಚು. ಆದರೆ ಊರಿನ ಮಠದಲ್ಲಿ ಪಾಠ ಹೇಳೋ ಐಗಳದ್ದು ಒಂದು ಕಟ್ಟಳೆ. ಸೇರೋ ಮಕ್ಕಳು ಅವರು ಕೊಟ್ಟಿದ್ದನ್ನ ತುಟಿ ಮುಚ್ಚಿಕೊಂಡೇ ತಿಂದು ಮುಗಿಸಬೇಕು, ತುತ್ತು ಹಿಡಿದಿಡದ ಬಾಯಿ ಅಕ್ಷರ ಹಿಡಿದಿಡುತ್ತಾ ಅಂತ. ಮೂರು ದಿನ, ದಿನಕ್ಕೊಂದು ಸಲ, ಮೂರೂ ತಪ್ಪಿದರೆ ಬಳಪ ಇಲ್ಲ, ಎಮ್ಮೆ ಕಾಯೋಕೆ ಹೋಗು ಅಂತಿದ್ದರಂತೆ.

ಮೊದಲನೇ ದಿನ ಹುರಿಗಾಳು. ದ್ಯಾವೀರಿ ಕಟಕಟ ನಾಲ್ಕು ಸಲ ಅಗಿದಳು, ಉಸಿರು ಕಟ್ಟಿತು, ಬಾಯಿ ಬಿಟ್ಟಳು, ಕಾಳೆಲ್ಲ ಹಾರಿ ಐಗಳ ಗಡ್ಡದಲ್ಲಿ ಕೂತು, ಹುರಿದಿದ್ದ ಕಾಳೇ ಅಲ್ಲಿ ಮೊಳಕೆ ಒಡೀತಂತೆ. ಆಮೇಲೆ ಎರಡನೇ ದಿನ ಚಕ್ಕುಲಿ. ಅದೂ ಹಾರಿತು, ಮೂರು ಊರಾಚೆ ಒಂದು ಕಾಗೆ ಅದನ್ನ ಕೊರಳಿಗೆ ಹಾಕಿಕೊಂಡು ಮದುವಣಗಿತ್ತಿ ಥರ ಮೆರೀತಂತೆ. ಐಗಳು ಹೇಳಿದರಂತೆ, ಏ ಹುಡುಗಿ, ನಿಂದು ಬರೀ ಹಟ, ಬೇಕಂತಲೇ ಉಗೀತೀಯ. ದ್ಯಾವೀರಿ ಅತ್ತುಕೊಂಡು, ಹಟ ಅಲ್ಲ ಐಗಳೇ, ಉಸಿರು, ಅಂದಳಂತೆ. ಯಾರು ಕೇಳ್ತಾರೆ.

ಆಮೇಲೆ ಮೂರನೇ ದಿನ ಬಂತು. ಐಗಳು ರೊಟ್ಟಿ ಸೀಮೆಯೋರು, ಮುದ್ದೆ ಉಂಡೋರಲ್ಲ. ಸಣ್ಣದಕ್ಕೇ ಹೀಗೆ ಒದ್ದಾಡೋಳು ದೊಡ್ಡದಕ್ಕೆ ಸೋತೇ ಹೋಗ್ತಾಳೆ ಅಂದುಕೊಂಡು, ಆನೆ ತಲೆ ಗಾತ್ರದ ರಾಗಿಮುದ್ದೆ ಮಾಡಿಸಿದರಂತೆ. ಅದನ್ನ ಹೊರೋಕೆ ಎಂಟು ಜನ. ಇದನ್ನ ಅಗಿದು ಮುಗಿಸೋಕೆ ಸಂಕ್ರಾಂತಿ ಬರುತ್ತೆ ಅಂತ ಐಗಳು ನಕ್ಕರು. ಮುದ್ದೆ ಉಣ್ಣೋ ಊರಿನ ಕೂಸು ಮುದ್ದೆ ಅಗಿಯುತ್ತಾ, ನುಂಗುತ್ತೆ ಅಷ್ಟೇ. ದ್ಯಾವೀರಿ ಒಂದು ಉಸಿರು ಎಳೆದುಕೊಂಡಳು, ತುತ್ತು ಮುರಿದು ಸಾರಲ್ಲಿ ಅದ್ದಿದಳು, ಬಾಯಿಗಿಟ್ಟು ತುಟಿ ಮುಚ್ಚಿ ಗುಳುಂ ಅಂತ ನುಂಗಿದಳು. ಇನ್ನೊಂದು ಉಸಿರು, ಇನ್ನೊಂದು ಗುಳುಂ. ಹೊತ್ತು ಮುಳುಗೋದರೊಳಗೆ ಮುದ್ದೆನೂ ಇಲ್ಲ, ಸಾರೂ ಇಲ್ಲ, ಒಂದು ಚೂರೂ ಹಾರಲಿಲ್ಲವಂತೆ.

ಐಗಳು ಕಣ್ಣು ಉಜ್ಜಿಕೊಂಡು, ಇದು ಹೆಂಗೆ ಅಂದರು. ನಿಮ್ಮ ಮೂಗು ಹಿಡ್ಕೊಂಡು ಒಂದು ಚಕ್ಕುಲಿ ತಿಂದು ನೋಡಿ ಅಂದಳಂತೆ ದ್ಯಾವೀರಿ. ಐಗಳು ಹಿಡ್ಕೊಂಡರು, ಎರಡು ಸಲ ಅಗಿದರು, ಮುಖ ಬದನೆಕಾಯಿ ಆಯಿತು, ಬುಸ್ಸಂತ ಬಾಯಿ ಬಿಟ್ಟರೆ ಮಠದ ಹಂಚೆಲ್ಲ ಎದ್ದು ಕೆರೆಗೆ ಬಿದ್ದವಂತೆ. ಮುಖ ಒರೆಸಿಕೊಂಡು, ತಾಯಿ, ತಪ್ಪು ನಂದು ಅಂತ ಅವರೇ ಬಳಪ ಚೂಪು ಮಾಡಿ ಅವಳ ಕೈಗೆ ಕೊಟ್ಟರಂತೆ. ಮೂಗು ಕಟ್ಟಿದ ಮಕ್ಕಳಿಗೆ ಇನ್ನು ಮಠದಲ್ಲಿ ಬೆಣ್ಣೆ ಹಾಕಿದ ರಾಗಿಮುದ್ದೆನೇ ಅಂತ ಡಂಗುರ ಸಾರಿಸಿದರಂತೆ.

ಮಾರನೇ ದಿನ ನೋಡಿದರೆ ಊರಿನ ಅಷ್ಟೂ ಮಕ್ಕಳಿಗೆ ಮೂಗು ಕಟ್ಟಿತ್ತಂತೆ. ದ್ಯಾವೀರಿ ಮುಂದಿನ ಸಾಲಲ್ಲಿ ಕೂತು ಬಾಯಿ ತುಂಬ ಉಸಿರೆಳೆದು ಅ ಅಂದಳಂತೆ. ನಂದು ಇಷ್ಟೇ ಕತೆ, ನೀನಿನ್ನು ಮಲಗು.