‘ಹೆಣ’ ಎಂಬ ಮಾತು ಹುಟ್ಟಿದ ಮುಂಜಾನೆ

ಮಳಲಿಹಾಳದ ಮಠದಲ್ಲಿ ಪೂಜ್ಯ ಶ್ರೀ ಕಂಬಳಯ್ಯ ಅಜ್ಜನವರಿಗೆ ಗದ್ದುಗೆ ಇರಲಿಲ್ಲ. ಅವರು ಬಯಸಲೂ ಇಲ್ಲ. ದಾಸೋಹದ ಮನೆಯ ಹಿತ್ತಲಿನಲ್ಲಿ, ಜಾಲಿ ಕಟ್ಟಿಗೆಯ ಒಟ್ಟಿಲಿನ ಪಕ್ಕ ಕಂಬಳಿ ಹಾಸಿಕೊಂಡು, ಊಟದ ಪಂಕ್ತಿಗೆ ಮುತ್ತಲ ಎಲೆಯ ಪತ್ರಾವಳಿ ಹಚ್ಚುತ್ತ ಕುಳಿತಿರುತ್ತಿದ್ದರು. ಯಾರಾದರೂ ಪಾದಕ್ಕೆರಗಿ ಉಪದೇಶ ಬೇಡಿದರೆ, ‘ಕೈ ಖಾಲಿ ಅದಾವೇನು? ಎಲಿ ಹಚ್ಚು’ ಎನ್ನುತ್ತಿದ್ದರು. ಹೆಚ್ಚಿನ ಮಾತು ಆ ಪುಣ್ಯಪುರುಷರ ಬಾಯಿಂದ ಬರುತ್ತಿದ್ದುದು ಅಪರೂಪ.

ಒಂದು ಶ್ರಾವಣದಲ್ಲಿ ಮಠದಲ್ಲಿ ತಿಂಗಳ ಪುರಾಣ ನಡೆದಿತ್ತು. ಪುರಾಣ ಹೇಳಲು ಗದಿಗೆಯ್ಯ ಶಾಸ್ತ್ರಿಗಳು ಬಂದಿದ್ದರು. ದೊಡ್ಡ ವಿದ್ವಾಂಸರು, ಇಲ್ಲವೆನ್ನುವುದಿಲ್ಲ. ಒಂದು ಶಬ್ದ ಸಿಕ್ಕರೆ ಸಾಕು, ಅದರ ಬೇರು ಹಿಡಿದು ಜಗ್ಗಿ ಸಭೆಯನ್ನು ಬೆರಗುಗೊಳಿಸುತ್ತಿದ್ದರು. ಎಲೆ ಹಚ್ಚುವ ಮುದುಕರಲ್ಲಿ ಮಾತ್ರ ಅವರಿಗೆ ಯಾವ ಹಿರಿಮೆಯೂ ಕಂಡಿರಲಿಲ್ಲ. ‘ಮಾತು ಬಾರದ್ದಕ್ಕ ಮೌನ ಅಂತ ಹೆಸರಿಟ್ಟಾರ’ ಎಂದು ನಗುತ್ತಿದ್ದರಂತೆ.

ಆ ಶ್ರಾವಣದ ಆರಂಭದಲ್ಲಿಯೇ ಒಬ್ಬ ಮುದುಕಿ ಎಲ್ಲಿಂದಲೋ ನಡೆದು ಬಂದು, ಯಾರೂ ಹೇಳದೆಯೇ ದಾಸೋಹದ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯತೊಡಗಿದ್ದಳು. ಎಲ್ಲರೂ ಆಕೆಯನ್ನು ‘ಯವ್ವಾ’ ಎಂದೇ ಕರೆಯುತ್ತಿದ್ದರು. ಶಾಸ್ತ್ರಿಗಳೂ ಪಂಕ್ತಿಯಿಂದಲೇ ಕೂಗುತ್ತಿದ್ದರು: ‘ಯವ್ವಾ, ಬಿಸಿದು ಇನ್ನೊಂದು ಬರಲಿ!’

ಒಂದು ಮುಂಜಾನೆ ಆ ತಾಯಿ ಅಡಿಗೆಮನೆಯ ಪಡಸಾಲೆಯಲ್ಲಿ ಮಲಗಿದವಳು ಏಳಲಿಲ್ಲ.

ಮುಂದೆ ನಡೆದದ್ದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಸತ್ತವರನ್ನು ಎತ್ತುವ ತನಕ ಅಲ್ಲಿ ಒಲೆ ಹಚ್ಚುವ ಪದ್ಧತಿಯಿಲ್ಲ. ಪುರಾಣಕ್ಕೆ ಬಂದ ಜನ ಹಸಿದು ಕುಳಿತರು. ತಮಗೆ ಹಸಿವಾದದ್ದಕ್ಕೆ ಆಕೆಯ ಮೇಲೆಯೇ ಸಿಟ್ಟಾದರು! ತಿಂಗಳೆಲ್ಲ ಹೊಟ್ಟೆ ತುಂಬಿಸಿದವಳ ಮೇಲೆ! ಮಠದ ಕಮಿಟಿಯ ಹಿರಿಯರಾದ ಮಹಾರುದ್ರಪ್ಪನವರು ಆಕೆಯ ಕೊರಳು ನೋಡಿಸಿದರು.

‘ಲಿಂಗಿಲ್ಲ, ತಾಳಿಲ್ಲ. ಯಾವ ಕುಲಾನೋ ಏನೋ. ನಮ್ಮ ರುದ್ರಭೂಮ್ಯಾಗ ಇಡಾಕ ಬರೂದಿಲ್ಲ’ ಎಂದರು.

‘ಸುಡೋಣಂದ್ರ ಸುಡೋರು ಯಾರ್ರಿ? ಹೆಗಲು ಕೊಡೋರು ಯಾರು?’ ಎಂದ ಇನ್ನೊಬ್ಬ.

‘ಪಂಚಾಯ್ತಿ ಗಾಡಿಗೆ ಹೇಳ್ರಿ. ಹೆಣಾ ಲಗೂನ ಎತ್ತಿಸ್ರಿ, ಮಂದಿ ಹಸದಾರ’ ಎಂದ ಮತ್ತೊಬ್ಬ.

ಆಕೆಯ ಕೈಯ ರೊಟ್ಟಿ ತಿನ್ನುವಾಗ ಈ ಮಹಾಶಯರು ಯಾರ ಕೊರಳನ್ನೂ ನೋಡಿರಲಿಲ್ಲ. ನಾಲಿಗೆಗಿಲ್ಲದ ಮೈಲಿಗೆ ಹೆಗಲಿಗೆ ಹೇಗೆ ಬಂತೆಂದು ಕೇಳುವವರು ಒಬ್ಬರೂ ಇರಲಿಲ್ಲ.

ಕೊನೆಗೆ ತೀರ್ಮಾನ ಹೇಳಲು ಶಾಸ್ತ್ರಿಗಳನ್ನು ಕರೆತಂದರು. ಅವರು ದೂರದಲ್ಲಿಯೇ ನಿಂತು, ಶಾಲಿನ ಸೆರಗನ್ನು ಮೂಗಿಗೆ ಹಿಡಿದು, ‘ಮೊದಲು ಇದಕ್ಕ ಏನನ್ನಬೇಕು ನಿಶ್ಚಯಿಸ್ರಿ’ ಎಂದು ಶುರುಮಾಡಿದರು. ಲಿಂಗವಂತರಾದರೆ ಲಿಂಗೈಕ್ಯರೆನ್ನಬೇಕು, ದೊಡ್ಡ ಮನುಷ್ಯರದಾದರೆ ಪಾರ್ಥಿವ ಶರೀರವೆನ್ನಬೇಕು, ಇದು ಬರೀ ಹೆಣ. ಹಳಗನ್ನಡದಲ್ಲಿ ಪೆಣ, ತಮಿಳಿನಲ್ಲಿಯೂ ಅದರ ದಾಯಾದಿ ಶಬ್ದವುಂಟು. ಶವವೆಂಬುದು ಸಂಸ್ಕೃತದ್ದು, ಹೋಗು ಎಂಬ ಅರ್ಥದ ಧಾತುವಿನಿಂದ ಬಂತೆಂದು ಕೆಲವರು, ಊದಿಕೊಳ್ಳು ಎಂಬ ಧಾತುವಿನಿಂದ ಬಂತೆಂದು ಕೆಲವರು.

ಊದಿಕೊಳ್ಳುವ ಮೊದಲು ಮಣ್ಣು ಕೊಡಬೇಕಾದ ದೇಹದ ಮುಂದೆ ನಿಂತು ಊದಿಕೊಳ್ಳುವ ಧಾತುವಿನ ಚರ್ಚೆ! ಅದನ್ನು ಕೇಳಿ ಜನ ತಲೆದೂಗುತ್ತಿದ್ದರು. ನಾಚಿಕೆಯೆಂಬುದು ಅಂದು ಮಳಲಿಹಾಳದ ಹೊಳೆ ದಾಟಿ ಹೋಗಿತ್ತೆಂದು ತೋರುತ್ತದೆ.

ಆಗ ಅಜ್ಜನವರು ಎದ್ದು ಬಂದರು. ಹಚ್ಚುತ್ತಿದ್ದ ಪತ್ರಾವಳಿ ಕೈಯಲ್ಲಿಯೇ ಇತ್ತು. ಆ ತಾಯಿಯ ತಲೆದೆಸೆಯಲ್ಲಿ ಕುಳಿತು, ಅದರಿಂದಲೇ ಮುಖದ ಮೇಲಿನ ನೊಣ ಬೀಸುತ್ತ, ಶಾಂತವಾಗಿ ಕೇಳಿದರು:

‘ಶಾಸ್ತ್ರಿಗಳೇ, ಹೆಣ ಅನ್ನೂ ಮಾತು ಎಲ್ಲಿಂದ ಬಂತಂದ್ರಿ?’

‘ಮೂಲ ಇನ್ನೂ ಖಚಿತ ಇಲ್ಲ ಅಜ್ಜಾರ. ಪಂಡಿತರೊಳಗ ಭಿನ್ನಾಭಿಪ್ರಾಯ ಅದಾವ.’

‘ಅಷ್ಟು ದೂರ ಯಾಕ ಹುಡುಕ್ತೀರಿ? ನಿನ್ನಿತನಕ ಈಕೀಗೆ ಯವ್ವಾ ಅಂತಿದ್ರಿ. ಹೆಣ ಅನ್ನೂ ಮಾತು ಇವತ್ತ ಮುಂಜಾನೆ ನಿಮ್ಮ ಬಾಯಾಗ ಹುಟ್ಟೇತಿ.’ ನೊಣ ಬೀಸುತ್ತಲೇ ಅಂದರು: ‘ಅದರ ಅರ್ಥಾನೂ ಹೇಳ್ತೀನಿ. ಕರಿಯಾವ್ರು ಇಲ್ಲದಾಕಿ ಅಂತ.’

ಬಳಿಕ ಪತ್ರಾವಳಿಯನ್ನು ಶಾಸ್ತ್ರಿಗಳ ಕಡೆ ಚಾಚಿದರು. ‘ನೊಣ ಬರ್ತಾವ. ಬೀಸ್ರಿ.’

ಶಾಸ್ತ್ರಿಗಳಿಗೆ ಆ ಮಾತನ್ನು ಮೀರಲಾಗಲಿಲ್ಲ. ಹತ್ತಿರ ಬಂದು ಕುಳಿತು ಬೀಸತೊಡಗಿದರು. ಆಕೆಯ ಬೆರಳುಗಳಲ್ಲಿ ಹಂಚಿನ ಸುಟ್ಟ ಕಲೆಗಳಿದ್ದವು. ಉಗುರಿನ ಸಂದಿಯಲ್ಲಿ ರಾತ್ರಿಯ ಜೋಳದ ಹಿಟ್ಟು ಇನ್ನೂ ಒಣಗಿ ನಿಂತಿತ್ತು. ಆ ಹಿಟ್ಟಿನ ರೊಟ್ಟಿ ತಮ್ಮ ಹೊಟ್ಟೆಯಲ್ಲಿಯೂ ಇದೆಯೆಂಬುದು ಅವರಿಗೆ ಆಗ ಹೊಳೆಯಿತು. ಮೂಗಿನ ಶಾಲು ಜಾರಿತು.

‘ಇವರ ಹೆಸರೇನ್ರಿ?’ ಎಂದು ಕೇಳಿದರು. ‘ಯಾರಿಗೂ ಗೊತ್ತಿಲ್ಲೇನು?’ ಎಂದು ಮತ್ತೆ ಕೇಳಿದರು. ಮಹಾರುದ್ರಪ್ಪನವರು ನೆಲ ನೋಡುತ್ತಿದ್ದರು. ಸಾವಿರ ಶಬ್ದಗಳ ಬೇರು ಬಲ್ಲ ಆ ವಿದ್ವಾಂಸರು, ತಮಗೆ ಉಣಿಸಿದವಳ ಹೆಸರು ತಿಳಿಯದೆ ಎಲ್ಲರೆದುರು ಗಳಗಳನೆ ಅತ್ತರು.

‘ನಾ ಹೆಗಲು ಕೊಡ್ತೀನಿ. ಆದರ ಎಲ್ಲಿ ಇಡೂದು ಅಜ್ಜಾರ?’

ಅಜ್ಜನವರು ಹಿತ್ತಲಿನ ಬನ್ನಿಮರದ ಕಡೆ ಕೈ ತೋರಿಸಿದರು. ಅಲ್ಲಿ ಅಜ್ಜನವರ ಸಮಾಧಿಗೆಂದು ಭಕ್ತರು ಮೊದಲೇ ಜಾಗ ಕಾಯ್ದಿರಿಸಿ ಕಲ್ಲು ನೆಟ್ಟಿದ್ದರು. ‘ನನಗಂತ ಇಟ್ಟೀರಲ್ಲ, ಅಲ್ಲಿಡ್ರಿ’ ಎಂದರು. ಮಹಾರುದ್ರಪ್ಪನವರು ಅಜ್ಜನವರ ಮುಖ ನೋಡಿ, ತಾವೇ ಹೋಗಿ ಗುದ್ದಲಿ ತಂದರು.

ಅಜ್ಜನವರ ಕಂಬಳಿಯಲ್ಲಿಯೇ ಆ ತಾಯಿಯನ್ನು ಹೊತ್ತರು. ಮುಂದಿನ ಹೆಗಲು ಶಾಸ್ತ್ರಿಗಳದು. ಮಣ್ಣು ಹಾಕುವಾಗ ಕರೆಯಲು ಹೆಸರಿಲ್ಲದೆ, ಅವರು ‘ಯವ್ವಾ, ಯವ್ವಾ’ ಎಂದಷ್ಟೇ ಕರೆದರು.

ಶಾಸ್ತ್ರಿಗಳು ಆಮೇಲೆಯೂ ಬಹಳ ಕಾಲ ಊರೂರು ತಿರುಗಿ ಪುರಾಣ ಹೇಳಿದರು. ಆದರೆ ಯಾವ ಊರಿಗೆ ಹೋದರೂ ವೇದಿಕೆ ಹತ್ತುವ ಮೊದಲು ದಾಸೋಹದ ಮನೆಗೆ ಹೋಗಿ, ಒಲೆಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ರೊಟ್ಟಿ ಬಡಿಯುವ ಒಬ್ಬೊಬ್ಬ ಹೆಣ್ಣುಮಗಳ ಹೆಸರನ್ನೂ ಕೇಳುತ್ತಿದ್ದರು.

ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ‘ನಮ್ಮ ಹೆಸರು ತಗೊಂಡು ಏನ್ ಮಾಡ್ತೀರ್ರೀ ಶಾಸ್ತ್ರಿಗಳೇ?’

‘ಕರಿಯಾಕ ಬೇಕವ್ವಾ’ ಎನ್ನುತ್ತಿದ್ದರು ಅವರು.